ಪಾಕ ನೋಡಿದವರು ತರಗತಿಗೆ ಬಂದರೆ

ಬೆಲ್ಲದ ಪಾಕವನ್ನು ಒಲೆಯಿಂದ ಇಳಿಸಬೇಕಾದದ್ದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ. ನೋಟ್ಸಿನಲ್ಲಿ ಹೀಗೇ ಇರುತ್ತದೆ, ಪರೀಕ್ಷೆಯಲ್ಲಿ ಹೀಗೇ ಬರೆದರೆ ಅಂಕವೂ ಬರುತ್ತದೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಕಾಲೇಜೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೃಷಿ ಉತ್ಪನ್ನಗಳ ಮಾರಾಟ ಎಂಬ ಪತ್ರಿಕೆಯನ್ನು ವಾರಕ್ಕೆ ಎರಡು ತಾಸು ಹೇಳಿಕೊಡಲು ಹೋಗುತ್ತಿದ್ದೆ. ಅದಕ್ಕೆ ಮೊದಲು ಮಂಡ್ಯದ ಕಡೆಯ ಸಹಕಾರ ಸಂಘವೊಂದರಲ್ಲಿ ಹದಿಮೂರು ವರ್ಷ ಲೆಕ್ಕ ಬರೆದವನು ನಾನು. ಈ 118ನ್ನು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಥರ್ಮಾಮೀಟ್ರು ನೋಡ್ಕಂಡು ಯಾರ್ ಸಾ ಪಾಕ ಇಳುಸ್ತಾರೆ? ತಣ್ಣೀರ್‌ಗೆ ಒಂದ್ ತೊಟ್ಟು ಬಿಟ್ರೆ ಗೊತ್ತಾಯ್ತದೆ."

ಪಾಂಡವಪುರದ ಕಡೆಯ ಹುಡುಗ. ಡಿಗ್ರಿ ಮುಗಿದ ಮೇಲೆ ಮೂರು ವರ್ಷ ಮನೆಯ ಆಲೆಮನೆಯಲ್ಲೇ ದುಡಿದು ಆಮೇಲೆ ಓದಲು ಬಂದಿದ್ದ. ತಣ್ಣೀರಿಗೆ ಬಿದ್ದ ಪಾಕ ಬೆರಳಿಗೆ ಉಂಡೆಯಾಗಿ ಸಿಗಬೇಕು. ಚೌಳು ನೆಲದ ಕಬ್ಬಾದರೆ ಬೆಲ್ಲ ಬೇಗ ಕಟ್ಟುವುದಿಲ್ಲ, ಕಡಿದು ಎರಡು ದಿನ ಬಿಟ್ಟ ಕಬ್ಬಾದರೆ ಪಾಕ ಬಂದಂತೆ ಕಂಡರೂ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಅವನು ಪಾಠ ಒಪ್ಪಿಸುವವನ ಹಾಗೆ ಹೇಳಲಿಲ್ಲ, ಜಗಳಕ್ಕೆ ಬಂದವನ ಹಾಗೆ ಹೇಳಿದ. ಅವನ ಮಾತು ಮುಗಿಯುವುದರೊಳಗೆ ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ಮಂಡಿಯೊಂದರ ಲೆಕ್ಕ ನೋಡುತ್ತಿದ್ದ ಹೆಣ್ಣುಮಗಳು ತಡೆದಳು. ಪಾಕ ಎಷ್ಟೇ ಹದವಾಗಿರಲಿ, ಬಣ್ಣ ಹಳದಿಗೆ ತಿರುಗಿರದಿದ್ದರೆ ಮಂಡಿಯಲ್ಲಿ ರೇಟು ಬೀಳುತ್ತದೆ ಎಂದಳು. ಅದಕ್ಕೇ ತಾನೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು, ಅದು ಗಂಧಕದ ಅಂಶವನ್ನು ಬೆಲ್ಲದಲ್ಲಿ ಉಳಿಸುತ್ತದೆ ಎಂದು, ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಎರಡು ವರ್ಷ ಇದ್ದು ಬಂದ ಮತ್ತೊಬ್ಬ ಶುರು ಮಾಡಿದ. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆದು, ರಾಸಾಯನಿಕ ಸೋಕಿಸದೆ ಮಾಡಿದ ಬೆಲ್ಲ ಕಪ್ಪಗಿರುತ್ತದೆ. ಕಪ್ಪು ಬೆಲ್ಲ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದ್ದನ್ನು ಯಾರು ಮಾಡುತ್ತಾರೆ? ಅಂದು ನನ್ನ ಸ್ಲೈಡುಗಳು ನಾಲ್ಕಕ್ಕೇ ನಿಂತವು.

ಆ ದಿನದ ಒಳ್ಳೆಯ ಪ್ರಶ್ನೆ ಕೇಳಿದ್ದು ಈ ಮೂವರಲ್ಲಿ ಯಾರೂ ಅಲ್ಲ. ಡಿಗ್ರಿ ಮುಗಿಸಿ ನೇರವಾಗಿ ಬಂದಿದ್ದ, ಆಲೆಮನೆಯನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ಹುಡುಗಿಯೊಬ್ಬಳು ಕೇಳಿದಳು: "ಬಣ್ಣ ಬೇಕು ಅಂತ ಮೊದಲು ಕೇಳಿದ್ದು ಯಾರು ಸಾರ್? ತಿನ್ನೋರಾ, ಮಾರೋರಾ?" ಮೂವರು ಅನುಭವಸ್ಥರೂ ಸುಮ್ಮನಾದರು. ಅವರವರ ಕೆಲಸದೊಳಗೆ ನಿಂತು ನೋಡಿದವರಿಗೆ ಆ ಪ್ರಶ್ನೆ ಏಳುವ ಸಂದರ್ಭವೇ ಬಂದಿರಲಿಲ್ಲ.

ಈ ಒಂದು ತಾಸನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಉನ್ನತ ಶಿಕ್ಷಣದಲ್ಲಿ 'ಅನುಭವಕ್ಕೆ ಬೆಲೆ' ಎಂಬ ಮಾತು ಈಚಿನ ವರ್ಷಗಳಲ್ಲಿ ಸುತ್ತೋಲೆಯಿಂದ ಸುತ್ತೋಲೆಗೆ ಹರಿದಾಡುತ್ತಿದೆ. ಆದರೆ ಅಲ್ಲಿ ಬೆಲೆ ಎಂದರೆ ಬಹುಮಟ್ಟಿಗೆ ಎಣಿಕೆ: ಎಷ್ಟು ವರ್ಷ, ಎಷ್ಟು ಕ್ರೆಡಿಟ್, ಎಷ್ಟು ಶೇಕಡ. ಅನುಭವ ತರಗತಿಯೊಳಗೆ ಮಾಡುವ ಕೆಲಸವೇ ಬೇರೆ. ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವ ತಡೆದು ನಿಲ್ಲಿಸಬೇಕು, ಎರಡನ್ನೂ ಪುಸ್ತಕ ತಡೆಯಬೇಕು, ಪುಸ್ತಕವನ್ನು ಇವರು ತಡೆಯಬೇಕು. ಹಾಗಾಗದಿದ್ದರೆ ಹದಿನೈದು ವರ್ಷದ ಸರ್ವೀಸು ತರಗತಿಯಲ್ಲಿ ಕೂತು ನೋಟ್ಸು ಬರೆದುಕೊಂಡು ಎದ್ದು ಹೋಗುತ್ತದೆ, ಅಷ್ಟೆ.

ನಿಯಮಗಳೇನೋ ಸಾಕಷ್ಟು ಬಂದಿವೆ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು, ಪಿಎಚ್.ಡಿ. ಇರಲಿ ಬಿಡಲಿ, ಪಾಠಕ್ಕೆ ಕರೆಯಬಹುದು. ಇಂಥವರು ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಬಾರದು. ಸಾಮಾನ್ಯವಾಗಿ ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಅದೇ ವರ್ಷ ನವೆಂಬರಿನಲ್ಲಿ ಬಂದ ಪಿಎಚ್.ಡಿ. ನಿಯಮಾವಳಿ ಕೆಲಸದಲ್ಲಿರುವವರು ಅರೆಕಾಲಿಕವಾಗಿ ಸಂಶೋಧನೆ ಮಾಡಲು ದಾರಿ ಬಿಟ್ಟಿತು, ಆದರೆ ಮಾಲೀಕರಿಂದ ಎನ್‌ಒಸಿ, ಅಂದರೆ ತಮ್ಮ ಆಕ್ಷೇಪವಿಲ್ಲ ಎಂಬ ಪತ್ರ, ತರಬೇಕು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ವರ್ಷದ ಕಲಿಕೆ 1,200 ಗಂಟೆ, ಅದಕ್ಕೆ 40 ಕ್ರೆಡಿಟ್ ಎಂದು ಲೆಕ್ಕ ಕಟ್ಟಿ, ದುಡಿಮೆಯಲ್ಲಿ ಕಲಿತದ್ದನ್ನೂ ಅದೇ ತಕ್ಕಡಿಗೆ ಹಾಕಬಹುದು ಎಂದಿತು. ಮೌಲ್ಯಮಾಪನ ಆಗಲೇಬೇಕು ಎಂಬ ಷರತ್ತಿದೆ. ಅನುಭವದ ವರ್ಷ ಏರಿದ ಹಾಗೆ ಕ್ರೆಡಿಟ್ಟಿನ ತೂಕ ಗರಿಷ್ಠ ಎರಡು ಪಟ್ಟಿನವರೆಗೆ ಏರುತ್ತದೆ.

ಕರ್ನಾಟಕದ ಮಟ್ಟಿಗೆ ಇದರ ಜೊತೆಗೊಂದು ಗೋಜಲೂ ಇದೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದೆವು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಎರಡು ವರ್ಷದ ಪಿಜಿ ಉಳಿಯಿತು. ಈ ಹಗ್ಗಜಗ್ಗಾಟದಲ್ಲಿ ಪದವಿಗೂ ಪಿಜಿಗೂ ನಡುವೆ ನಾಲ್ಕಾರು ವರ್ಷ ದುಡಿದು ಬರುವವರ ಪಾಡೇನು ಎಂದು ಕೇಳಿದವರು ಕಡಿಮೆ.

ಸಂಜೆ ನಾಲ್ಕರ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ರಸ್ತೆಯಲ್ಲಿ ನಿಂತು ನೋಡಿದರೆ ಪಿಜಿ ಎಂದರೆ ಯಾರು ಎಂಬುದು ತಿಳಿಯುತ್ತದೆ. ವಯಸ್ಸು ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಕೆ.ಆರ್.ನಗರ, ಹುಣಸೂರು, ನಾಗಮಂಗಲ, ಗುಂಡ್ಲುಪೇಟೆಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಮಕ್ಕಳು. ಅವರಲ್ಲಿ ಅನೇಕರು ತಮ್ಮ ಮನೆಯಲ್ಲಿ ಪಿಜಿ ಮೆಟ್ಟಿಲು ಹತ್ತಿದ ಮೊದಲಿಗರು. ಅವರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ವ್ಯವಸ್ಥೆಯ ಬಗ್ಗೆ. ಅದು ಇವರೊಬ್ಬರಿಗಾಗಿಯೇ ಹೊಲಿದ ಅಂಗಿ. ಹಗಲು ಹತ್ತರಿಂದ ನಾಲ್ಕರವರೆಗೆ ಪಾಠ, ಶೇ 75 ಹಾಜರಾತಿ, ಸಿ1, ಸಿ2 ಎಂದು ಒಂದರ ಬೆನ್ನಿಗೆ ಒಂದು ಕಿರುಪರೀಕ್ಷೆ. ನಂಜನಗೂಡಿನ ಕಾರ್ಖಾನೆಯಲ್ಲಿ ಈ ವಾರ ಫಸ್ಟ್ ಶಿಫ್ಟು, ಮುಂದಿನ ವಾರ ನೈಟ್ ಶಿಫ್ಟು ಮಾಡುವವನು ಈ ಅಂಗಿಯೊಳಗೆ ತೂರುವುದು ಹೇಗೆ? ರಜೆ ಹಾಕಿದರೆ ಸಂಬಳ ಹೋಗುತ್ತದೆ, ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ.

ಮೈಸೂರೇನು ಸಾಮಾನ್ಯ ಊರಲ್ಲ. 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ, ಸಿದ್ಧಾರ್ಥನಗರದಲ್ಲಿ ರಕ್ಷಣಾ ಆಹಾರ ಪ್ರಯೋಗಾಲಯ ಇದೆ. ಮಾನಸಗಂಗೋತ್ರಿಯ ಪಕ್ಕದಲ್ಲೇ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ. ನೋಟು ಅಚ್ಚು ಹಾಕುವವರು, ಮತದಾನದ ಶಾಯಿ ತಯಾರಿಸುವವರು, ರೇಷ್ಮೆ ನೇಯುವವರು, ಬಿಇಎಂಎಲ್‌ನಲ್ಲಿ ಎಂಜಿನ್ ಕಟ್ಟುವವರು, ಟಯರು ಮಾಡುವವರು ಎಲ್ಲರೂ ಹತ್ತು ಹದಿನೈದು ಕಿಲೋಮೀಟರಿನೊಳಗೆ ಸಿಗುತ್ತಾರೆ. ಹೆಬ್ಬಾಳದ ಇನ್ಫೊಸಿಸ್ ಕ್ಯಾಂಪಸ್ಸಿಗೆ ದೇಶದ ಮೂಲೆಮೂಲೆಯಿಂದ ಎಂಜಿನಿಯರುಗಳು ಬಂದು ತಿಂಗಳುಗಟ್ಟಲೆ ತರಬೇತಿ ಪಡೆಯುತ್ತಾರೆ. ಕಾಲೇಜಿನಿಂದ ಕಾರ್ಖಾನೆಗೆ, ಆಫೀಸಿಗೆ ಹೋಗುವ ದಾರಿ ಸದಾ ತುಂಬಿ ಹರಿಯುತ್ತದೆ. ಅಲ್ಲಿಂದ ತರಗತಿಗೆ ವಾಪಸು ಬರುವ ದಾರಿಯಲ್ಲಿ ಮಾತ್ರ ಹುಲ್ಲು ಬೆಳೆದಿದೆ.

ಶುರುವಿನಲ್ಲಿ ಹೀಗಿರಲಿಲ್ಲ ಎಂದು ನೆನಪಿಸಬೇಕು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಹಿಂದೆ ನಿಂತು ದುಡಿದ ದಿವಾನರು ವಿಶ್ವೇಶ್ವರಯ್ಯ. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿ, ಕಾಲುವೆ, ಕುಡಿಯುವ ನೀರು, ಚರಂಡಿ ಎಂದು ಕಾಲು ಶತಮಾನ ಸವೆಸಿ, 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದವರು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ನ್ಯಾಯಾಂಗದಲ್ಲಿ, ಆಡಳಿತದಲ್ಲಿ ಮಾಗಿದವರು. ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯ ಹೊಣೆ ಹೊತ್ತು, ಜನ ಹೇಗೆ ಬದುಕುತ್ತಾರೆ ಎಂಬುದನ್ನು ಬರಹಕ್ಕೆ ಇಳಿಸಿದವರು. ಕೆಲಸ ಮಾಡಿ ಬಂದವರೇ ಇಲ್ಲಿ ವಿದ್ಯೆಯ ಬಾಗಿಲು ತೆರೆದರು. ಬಾಗಿಲು ತೆರೆದ ಮೇಲೆ ಒಳಗೆ ಹೋಗಲು ಬೇಕಾದ ಅರ್ಹತೆಯ ಪಟ್ಟಿಯಲ್ಲಿ ಕೆಲಸ ಕಾಣೆಯಾಯಿತು. ಇರಲಿ, ಹಳೆಯ ಕಥೆ ಸಾಕು.

ಬಗೆಬಗೆಯ ವೃತ್ತಿಯವರು ಒಂದೇ ಕೋಣೆಯಲ್ಲಿ ಕೂರುವುದರಿಂದ ಆಗುವ ಲಾಭವನ್ನು ಮಂಡ್ಯದ ಕಬ್ಬಿನಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ತಡವಾದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಒಡೆದು ಹೋಗುತ್ತದೆ. ಸಮಸ್ಯೆ ಒಂದೇ. ಆದರೆ ರೈತನಿಗೆ ಇದು ತೂಕದ ನಷ್ಟ: ವೇಬ್ರಿಡ್ಜಿನ ಮೇಲೆ ಗಾಡಿ ಏರುವ ಹೊತ್ತಿಗೆ ಎಷ್ಟು ಉಳಿದಿದೆಯೋ ಅಷ್ಟಕ್ಕೇ ದುಡ್ಡು. ಕಾರ್ಖಾನೆಗೆ ಇದು ಇಳುವರಿಯ ನಷ್ಟ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ದರ ಟನ್ನಿಗೆ 3,550 ರೂಪಾಯಿ, ಅದೂ ಶೇ 10.25 ಸಕ್ಕರೆ ಇಳುವರಿಗೆ; ಇಳುವರಿ ಲೆಕ್ಕ ಹಾಕುವುದು ಕಾರ್ಖಾನೆಯ ಸರಾಸರಿಯ ಮೇಲೆ. ಹಾಗಾಗಿ ಒಬ್ಬನ ಗದ್ದೆಯ ಕಬ್ಬು ತಡವಾದರೆ ಅದರ ಪಾಲು ಪಕ್ಕದ ಗದ್ದೆಯವನ ದರಕ್ಕೂ ತಟ್ಟುತ್ತದೆ. ಲಾರಿ ಮಾಲೀಕನಿಗೆ ಇದು ಯಾರ್ಡಿನ ಮುಂದೆ ಕಾಯುವ ರಾತ್ರಿಯ ಬಾಡಿಗೆ. ಕಟಾವಿನ ಮೇಸ್ತ್ರಿಗೆ ಇದು ತಡವೇ ಅಲ್ಲ. ಹೊರಜಿಲ್ಲೆಯಿಂದ ಕರೆತಂದ ಆಳುಗಳಿಗೆ ನಾಳೆಗೂ ಕೆಲಸ ಇರಬೇಕಲ್ಲ. ಸಾಲ ಕೊಟ್ಟ ಸಂಘಕ್ಕೋ, ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಬರಬೇಕು ಎಂಬ ಕಾನೂನು ಕಾಗದದಲ್ಲಿ ಉಳಿದರೆ ವಸೂಲಿಯೇ ನಿಂತುಹೋಗುತ್ತದೆ. ಆ ಕೊನೆಯ ಸಾಲನ್ನು ನಾನು ಹದಿಮೂರು ವರ್ಷ ಬರೆದಿದ್ದೇನೆ.

ಇದನ್ನು ಪೂರೈಕೆ ಸರಪಳಿ ಎಂಬ ಅಧ್ಯಾಯವಾಗಿ ಓದಿದ ವಿದ್ಯಾರ್ಥಿ ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತಾನೆ: ಗದ್ದೆ, ಗಾಡಿ, ಗಾಣ. ಈ ಐವರಲ್ಲಿ ಇಬ್ಬರು ತರಗತಿಯಲ್ಲಿದ್ದರೂ ಸಾಕು, ಬಾಣದ ಗುರುತು ಅಷ್ಟು ಸುಲಭವಾಗಿ ಬೀಳುವುದಿಲ್ಲ. ತಡವಾದರೆ ಕೆಲವರಿಗೆ ನಷ್ಟ, ಕೆಲವರಿಗೆ ಅದೇ ಅನುಕೂಲ ಎಂಬುದು ಗೊತ್ತಾದ ಮೇಲೆಯೇ ಆಡಳಿತ ಶಾಸ್ತ್ರದ ನಿಜವಾದ ಪಾಠ ಶುರುವಾಗುವುದು. ಐವರೂ ಕಾರ್ಖಾನೆಯವರೇ ಆಗಿದ್ದರೆ ಅನುಭವ ಬೇಕಾದಷ್ಟಿರುತ್ತದೆ, ವಿಷಯ ಮಾತ್ರ ಯಾರ್ಡಿನ ಗೇಟು ದಾಟುವುದಿಲ್ಲ. ಅದಕ್ಕೇ ಅನುಭವ ಎಷ್ಟು ಎನ್ನುವುದಕ್ಕಿಂತ ಎಷ್ಟು ಬಗೆಯದು ಎನ್ನುವುದನ್ನು ನಾನು ಮುಂದಿಡುತ್ತೇನೆ.

ನೀರಿನ ಮಾತೂ ಹೀಗೆಯೇ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತ, ನೀರು ಹರಿಸಿದಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಅದು ಎಂದು ತಲುಪುತ್ತದೆ ಎಂಬುದನ್ನು ಎಂ.ಟೆಕ್. ವಿದ್ಯಾರ್ಥಿ ಸೂತ್ರ ಹಾಕಿ ಹೇಳಬಲ್ಲ. ತೂಬಿನ ಬಳಿ ರಾತ್ರಿ ಎರಡು ಗಂಟೆಗೆ ಏನು ನಡೆಯುತ್ತದೆ ಎಂಬುದು ನಾಲೆಯ ನೀರು ನೋಡಿಕೊಳ್ಳುವ ಸೌಡಿಗೆ ಗೊತ್ತು. ಸೂತ್ರದ ಉತ್ತರಕ್ಕೂ ಗದ್ದೆಗೆ ಬಂದ ನೀರಿಗೂ ಇರುವ ವ್ಯತ್ಯಾಸವೇ ಒಂದು ಒಳ್ಳೆಯ ಸಂಶೋಧನೆಯ ವಿಷಯ.

ಎಂಬಿಎ ತರಗತಿಗಳಲ್ಲಿ ಈಗ ಕೇಸ್ ಪದ್ಧತಿ ಸಾಮಾನ್ಯ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1920ರ ದಶಕದಲ್ಲಿ ಬೇರೂರಿದ್ದು, 1961ರಲ್ಲಿ ಅಹಮದಾಬಾದಿನ ಐಐಎಂ ಹುಟ್ಟಿದ ಮೇಲೆ ನಮ್ಮ ದೇಶಕ್ಕೂ ಹರಡಿತು. ಒಂದು ಕಂಪನಿಯ ಇಕ್ಕಟ್ಟನ್ನು ಮುಂದಿಟ್ಟು 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ' ಎಂದು ಕೇಳುವುದು ಅದರ ಜೀವ. ಯಾವ ಕಂಪನಿಯ ಒಳಗೂ ಕಾಲಿಡದ ಅರುವತ್ತು ಮಂದಿಗೆ ಈ ಪ್ರಶ್ನೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಮಾರ್ಕೆಟಿಂಗ್ ಬಜೆಟ್ ಹೆಚ್ಚಿಸುತ್ತಾರೆ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಯಾರ ಬಿಲ್ಲೂ ಬಾಕಿ ಉಳಿಯುವುದಿಲ್ಲ.

ಹಾಗೆಂದು ದುಡಿದು ಬಂದವರನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಅನುಭವ ಕೆಡಿಸುವುದೂ ಉಂಟು. ನಮ್ಮಲ್ಲಿ ಅದು ಒಂಟಿಯಾಗಿ ಬರುವುದಿಲ್ಲ, ಹುದ್ದೆಯನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಇಲಾಖೆಯೊಂದರ ಅಧಿಕಾರಿಯೊಬ್ಬರು ಒಂದು ಬ್ಯಾಚಿನಲ್ಲಿದ್ದರು. ಸಜ್ಜನರು, ಒಂದು ದಿನವೂ ತಡವಾಗಿ ಬಂದವರಲ್ಲ. ಆದರೆ ಅವರು ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚುತ್ತಿತ್ತು. "ನೀವೇ ಹೇಳಿ ಸಾರ್, ನಿಮಗೆ ಗೊತ್ತಿರ್ತದೆ" ಎಂದು ಹುಡುಗರು ಹಿಂದೆ ಸರಿಯುತ್ತಿದ್ದರು. ಅದೇ ಇಲಾಖೆಯ ಕೆಳಗಿನ ನೌಕರನೊಬ್ಬ ಆ ತರಗತಿಯಲ್ಲಿದ್ದಾನೆ ಎಂಬುದು ನನಗೆ ತಿಳಿದದ್ದು ಸೆಮಿಸ್ಟರ್ ಮುಗಿದ ಮೇಲೆ. ಅಷ್ಟು ದಿನವೂ ಅವನು ಮಾತಾಡಿರಲಿಲ್ಲ. ಇಬ್ಬರು ಅನುಭವಸ್ಥರಿದ್ದೂ ತರಗತಿಗೆ ಸಿಕ್ಕಿದ್ದು ಒಬ್ಬರದು, ಅದೂ ಮೇಲಿನಿಂದ ಕಂಡದ್ದು.

ಇನ್ನೊಂದು ತೊಡಕು, 'ನಾವು ಹೀಗೇ ಮಾಡ್ಕೊಂಡು ಬಂದಿರೋದು' ಎಂಬ ಮಾತು. ಡೇವಿಡ್ ಕೋಲ್ಬ್ ಎಂಬ ಅಮೆರಿಕದ ವಿದ್ವಾಂಸ 1984ರಲ್ಲಿ ಕಲಿಕೆಯನ್ನು ನಾಲ್ಕು ಹಂತದ ಚಕ್ರವಾಗಿ ವಿವರಿಸಿದ್ದ. ಮಾಡುವುದು, ಮಾಡಿದ್ದನ್ನು ಹಿಂತಿರುಗಿ ನೋಡುವುದು, ಅದರಿಂದ ಒಂದು ತತ್ತ್ವ ಹೊರಡಿಸುವುದು, ಆ ತತ್ತ್ವವನ್ನು ಮತ್ತೆ ಕೆಲಸದಲ್ಲಿ ಪರೀಕ್ಷಿಸುವುದು. ಆಫೀಸು, ಕಾರ್ಖಾನೆ, ಗದ್ದೆ ಎಲ್ಲವೂ ಮೊದಲ ಹಂತವನ್ನು ಧಾರಾಳವಾಗಿ ಕೊಡುತ್ತವೆ. ಎರಡನೆಯದಕ್ಕೆ ಬಿಡುವು ಕೊಡುವುದಿಲ್ಲ. ಪಿಜಿ ತರಗತಿ ಮಾಡಬೇಕಾದದ್ದು ಆ ಬಿಡುವನ್ನು ಒದಗಿಸುವುದು. ಮಾಡಿದ್ದನ್ನು ಬರೆಸಬೇಕು, ಬರೆದದ್ದನ್ನು ಪ್ರಶ್ನಿಸಬೇಕು. ಆಲೆಮನೆಯ ಹುಡುಗನಿಗೆ ಪಾಕ ಗೊತ್ತಿತ್ತು. ತಡವಾದ ಕಬ್ಬಿನ ಬೆಲ್ಲ ಏಕೆ ನಿಲ್ಲುವುದಿಲ್ಲ, ಒಡೆದ ಸಕ್ಕರೆ ಅದರೊಳಗೆ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಅದು ತಿಳಿದ ದಿನ ಅವನ ಮುಖ ನೋಡಬೇಕಿತ್ತು. ಅಪ್ಪನ ಜೊತೆ ಮೂರು ವರ್ಷ ಮಾಡಿದ ವಾದಕ್ಕೆ ಅಂದು ಉತ್ತರ ಸಿಕ್ಕಿತಂತೆ. ಅಪ್ಪನೇ ಸರಿ ಎಂದು ತಿಳಿದದ್ದು ಬೇರೆ ಮಾತು.

ಎಣಿಕೆಯ ದಾರಿ ಹಿಡಿದರೆ ಯಾರಿಗೆ ಏಟು ಬೀಳುತ್ತದೆ ಎಂಬುದಕ್ಕೆ ಈಚಿನದೊಂದು ನಿದರ್ಶನವಿದೆ. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ನ್ಯಾಯಾಧೀಶರ ಪ್ರವೇಶ ಹಂತದ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂಬ ಷರತ್ತನ್ನು ಮತ್ತೆ ಜಾರಿಗೆ ತಂದಿತು. ಕೋರ್ಟಿನ ಒಳಹೊರಗು ಕಾಣದೆ ಪುಸ್ತಕದಿಂದ ನೇರವಾಗಿ ಪೀಠಕ್ಕೆ ಬಂದವರಿಂದ ತೊಂದರೆಯಾಗಿದೆ ಎಂಬುದು ಕಾರಣ. ಕಾರಣ ಸರಿಯೇ. ಆದರೆ ಆ ಮೂರು ವರ್ಷ ಸೀನಿಯರ್ ಕೊಡುವ ಪುಡಿಗಾಸಿನಲ್ಲಿ ಬದುಕಬಲ್ಲವರು ಯಾರು? ಮನೆಯಲ್ಲಿ ಇನ್ನೊಂದು ಸಂಪಾದನೆ ಇರುವವರು. ಮಳವಳ್ಳಿಯ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ರೂಮು ಮಾಡಿಕೊಂಡಿರುವ ಹೆಣ್ಣುಮಗಳಿಗೆ ಮನೆಯವರು ಮೂರು ವರ್ಷ ಕಾಯಬೇಕಲ್ಲ. ಅನುಭವ ಎಂಬುದು ಕೆಲವರಿಗೆ ದುಡ್ಡು ಕೊಟ್ಟು ಕೊಳ್ಳುವ ಸರಕಾಗಿಬಿಡುತ್ತದೆ.

ಪಿಜಿ ಪ್ರವೇಶದಲ್ಲಿ ಅನುಭವಕ್ಕೆ ಇಷ್ಟು ಅಂಕ ಎಂದು ಇಟ್ಟರೂ ಇದೇ ಆಗುತ್ತದೆ ಎಂಬ ಭಯ ನನ್ನದು. ಅಂಕ ಸಿಗಬೇಕಾದರೆ ಪ್ರಮಾಣಪತ್ರ ಬೇಕು. ಸಂಬಳದ ಚೀಟಿ ಇರುವವರಿಗೆ ಅದು ಸಲೀಸು. ಆಲೆಮನೆಯಲ್ಲಿ ಪಾಕ ನೋಡುವವನಿಗೆ ಯಾರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತಾರೆ? ಅಂಗನವಾಡಿ ಕಾರ್ಯಕರ್ತೆಗೆ ಬರುವುದು ಗೌರವಧನ, ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ. ಸಂಬಳ ಎಂಬ ಹೆಸರೇ ಇಲ್ಲದ ದುಡಿಮೆಯನ್ನು ವೃತ್ತಿ ಅನುಭವ ಎಂದು ಯಾವ ಗುಮಾಸ್ತ ಒಪ್ಪಿಯಾನು? ಸಮಾಜಕಾರ್ಯದ ಎಂಎಸ್‌ಡಬ್ಲ್ಯು ತರಗತಿಗೆ ಹತ್ತು ವರ್ಷ ಅಂಗನವಾಡಿ ನಡೆಸಿದ ಒಬ್ಬಳು ಬಂದರೆ, ಅವಳಷ್ಟು ಫೀಲ್ಡ್‌ವರ್ಕ್ ಮಾಡಿದವರು ಆ ವಿಭಾಗದಲ್ಲೇ ಸಿಗುವುದು ಕಷ್ಟ. 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ಹಿರಿಯ ಹುದ್ದೆಯಲ್ಲಿದ್ದವರಿಗೇ ಒಲವು ತೋರಿದೆ. ಇದರಲ್ಲೊಂದು ವಿಪರ್ಯಾಸವನ್ನೂ ಹೇಳಿಬಿಡುತ್ತೇನೆ. ಈಗಾಗಲೇ ಬೋಧನೆಯಲ್ಲಿರುವವರು, ನಿವೃತ್ತರಾದವರು ಆ ಹುದ್ದೆಗೆ ಬರುವಂತಿಲ್ಲ. ಅಧ್ಯಾಪಕರಾಗಲು ಬೇಕಾದ ನೆಟ್, ಕೆಸೆಟ್ ಪರೀಕ್ಷೆ ಪಾಸಾಗಿ ಹತ್ತು ಹನ್ನೆರಡು ವರ್ಷ ಅತಿಥಿ ಉಪನ್ಯಾಸಕರಾಗಿ ದಿನ ನೂಕುತ್ತಿರುವವರ ಅನುಭವ ಯಾವ ಲೆಕ್ಕಕ್ಕೂ ಇಲ್ಲ. ಕಂಪನಿಯವರು ಬಂದರೆ ಹಾರ ತುರಾಯಿ, ಇವರು ಕೇಳಿದರೆ 'ಮುಂದಿನ ವರ್ಷ ನೋಡೋಣ'.

ಹಾಗಾದರೆ ಎಲ್ಲಿಯೂ ಇದು ನಡೆದಿಲ್ಲವೇ? ನಡೆದಿದೆ, ನಮ್ಮೂರಲ್ಲೇ. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಸಿಎಫ್‌ಟಿಆರ್‌ಐನಲ್ಲಿ ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ಶುರುವಾಯಿತು. ಹೊರದೇಶದವರೂ ಬಂದು ಕಲಿತ ಜಾಗ ಅದು. ಹಿಟ್ಟು, ಹಣ್ಣು, ಮಸಾಲೆ, ಮಾಂಸ ಎಂದು ಒಂದೊಂದಕ್ಕೂ ಪ್ರತ್ಯೇಕ ವಿಭಾಗ, ಪ್ರಯೋಗಕ್ಕೆ ಯಂತ್ರಗಳು ಇರುವ ಕಡೆಯೇ ಪಾಠ. ಇನ್ನೊಂದು, ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ. ಬೇರೆ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಇಲ್ಲಿಗೆ ಬಂದು ಹತ್ತು ತಿಂಗಳು ಕೂತು ಕನ್ನಡವನ್ನೋ ತಮಿಳನ್ನೋ ತೆಲುಗನ್ನೋ ಮಲಯಾಳವನ್ನೋ ಕಲಿಯುತ್ತಾರೆ. ಅದು ಪಿಜಿ ಅಲ್ಲ, ಡಿಪ್ಲೊಮಾ. ಆದರೆ ಅಲ್ಲಿನ ಗುಟ್ಟು ಪಠ್ಯದಲ್ಲಿಲ್ಲ, ನಿಯೋಜನೆಯಲ್ಲಿದೆ: ಅವರವರ ರಾಜ್ಯ ಸರ್ಕಾರವೇ ಕಳಿಸಿರುತ್ತದೆ, ಕೆಲಸ ಹೋಗುವುದಿಲ್ಲ, ವಾಪಸು ಹೋದರೆ ಅದೇ ಶಾಲೆ ಕಾಯುತ್ತಿರುತ್ತದೆ. ದುಡಿಯುವವರನ್ನು ಓದಿಗೆ ಕರೆತರುವುದೆಂದರೆ ಮೊದಲು ಈ ಭರವಸೆ. ವೈದ್ಯರಿಗೂ ನೋಡಿ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸದೆ ಎಂ.ಡಿ. ಮಾತೇ ಇಲ್ಲ.

ಬಗೆಬಗೆಯ ಅನುಭವ ಒಟ್ಟಿಗೆ ಸೇರುವ ಅತಿ ದೊಡ್ಡ ಜಾಗವೆಂದರೆ ದೂರಶಿಕ್ಷಣ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಇದನ್ನು ಶುರು ಮಾಡಿದಾಗ ಇಟ್ಟ ಹೆಸರು 'ಅಂಚೆ ಮತ್ತು ತೆರಪಿನ ಶಿಕ್ಷಣ'. 1996ರಲ್ಲಿ ಅದು ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ತೆರಪು ಎಂಬ ಪದ ನನಗೆ ತುಂಬ ಇಷ್ಟ. ದುಡಿಯುವವರಿಗೆ ಇಲ್ಲದಿರುವುದೂ ಅದೇ. ಸಂಪರ್ಕ ತರಗತಿಯ ದಿನ ಒಂದೇ ಸಾಲಿನಲ್ಲಿ ಪೊಲೀಸ್ ಕಾನ್ಸ್‌ಟೇಬಲ್, ಪ್ರೈಮರಿ ಮೇಡಂ, ಬಸ್ ಕಂಡಕ್ಟರ್, ಆಸ್ಪತ್ರೆಯ ನರ್ಸಮ್ಮ ಕೂತಿರುತ್ತಾರೆ. ಇಂಥ ತರಗತಿಯನ್ನು ಯಾವ ದೊಡ್ಡ ಬಿಸಿನೆಸ್ ಸ್ಕೂಲೂ ದುಡ್ಡು ಕೊಟ್ಟು ಕೂಡಿಸಲಾರದು. ಆದರೆ ದೂರಶಿಕ್ಷಣದ ರಚನೆಯೇ ಅಚ್ಚಾದ ಪಾಠ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಪಕ್ಕದಲ್ಲಿ ಕೂತವರು ಯಾರು, ಅವರ ಕೆಲಸವೇನು ಎಂಬುದು ಊಟದ ವೇಳೆಯ ಮಾತಾಗಿ ಮುಗಿಯುತ್ತದೆ. ಸಮಾಜಶಾಸ್ತ್ರದ ಎಂ.ಎ. ಪತ್ರಿಕೆಯಲ್ಲಿ ಅಪರಾಧದ ಬಗ್ಗೆ ಹತ್ತು ಅಂಕದ ಉತ್ತರ ಬರೆಯುವ ಕಾನ್ಸ್‌ಟೇಬಲ್ ತನ್ನ ಠಾಣೆಯನ್ನು ಮರೆತೇ ಬರೆಯಬೇಕು.

ಪ್ರವೇಶದಲ್ಲಿ ಅಂಕ ಕೊಡಬೇಡಿ, ಪಾಠದಲ್ಲಿ ಜಾಗ ಕೊಡಿ ಎನ್ನುವುದು ಹೀಗೆಲ್ಲ ನೋಡಿದ ಮೇಲೆ ನನಗೆ ಉಳಿದಿರುವ ಅಭಿಪ್ರಾಯ. ನೇರವಾಗಿ ಬಂದ ಹಳ್ಳಿ ಮಕ್ಕಳ ಸೀಟಿಗೆ ಕೈ ಹಾಕದೆ, ಮಂಜೂರಾದ ಸಂಖ್ಯೆಯ ಮೇಲೆ ನಾಲ್ಕೈದು ಹೆಚ್ಚುವರಿ ಸೀಟು ದುಡಿದು ಬರುವವರಿಗೆ ಸಾಕು. ಪ್ರಾಜೆಕ್ಟ್ ಎಂದು ಇಂಟರ್ನೆಟ್ಟಿನಿಂದ ಇಳಿಸಿ ಬೈಂಡ್ ಮಾಡಿಸುವ ಬದಲು, ಕೆಲಸದಲ್ಲಿ ಕಂಡ ಒಂದು ತೊಡಕನ್ನು ಅನುಭವಸ್ಥರೊಬ್ಬರು, ಹೊಸಬರೊಬ್ಬರು ಜೋಡಿಯಾಗಿ ಬಿಡಿಸಲಿ. ಒಬ್ಬರಿಗೆ ಒಳಗು ಗೊತ್ತು, ಇನ್ನೊಬ್ಬರಿಗೆ ಕೇಳುವ ಧೈರ್ಯ ಇದೆ. ಹುದ್ದೆಯ ಹೆಸರು ಹಾಜರಾತಿ ಪುಸ್ತಕದಲ್ಲಿ ಬೇಡ. ಹೊರಗಿನವರನ್ನು ಪಾಠಕ್ಕೆ ಕರೆದರೆ ಕಾಯಂ ಅಧ್ಯಾಪಕರೊಬ್ಬರು ಪಕ್ಕದಲ್ಲಿರಲಿ, ಇಲ್ಲವಾದರೆ ಅದು ನೆನಪಿನ ಬುತ್ತಿ ಬಿಚ್ಚುವ ಕಾರ್ಯಕ್ರಮವಾಗುತ್ತದೆ. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ಮಕ್ಕಳು ನಕ್ಕರು, ಕಲಿತದ್ದು ಕಡಿಮೆ. ಎನ್‌ಒಸಿ ವಿಚಾರವನ್ನು ಮಾತ್ರ ವಿಶ್ವವಿದ್ಯಾಲಯಗಳು ನೌಕರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಾರದು. ಮೇಲಧಿಕಾರಿಯ ಮುಂದೆ ಕಾಗದ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಎಂಬುದು ಹಿಡಿದು ನಿಂತವರಿಗೇ ಗೊತ್ತು. ವಿಶ್ವವಿದ್ಯಾಲಯವೇ ಸಂಸ್ಥೆಗಳೊಡನೆ, ಕಾರ್ಖಾನೆಗಳೊಡನೆ ಒಪ್ಪಂದ ಮಾಡಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಈಚೆಗೆ ಕಾಲೇಜೊಂದರಿಂದ ಫೋನು ಬಂತು. ಉದ್ಯಮ ಮತ್ತು ಶಿಕ್ಷಣದ ನಂಟಿನ ಬಗ್ಗೆ ಒಂದು ತಾಸು ಮಾತಾಡಬೇಕಂತೆ, ಶಾಲು ಹೊದಿಸಿ ಒಂದು ನೆನಪಿನ ಕಾಣಿಕೆಯೂ ಉಂಟಂತೆ. ಒಂದು ತಾಸು ಬೇಡ, ಒಂದು ಸೆಮಿಸ್ಟರಿನ ಹದಿನಾರು ಶನಿವಾರ ಕೊಡಿ, ಎರಡು ಶನಿವಾರ ಹುಡುಗರನ್ನು ಆಲೆಮನೆಗೆ ಕರೆದುಕೊಂಡು ಹೋಗುತ್ತೇನೆ, ಕಬ್ಬು ಕಾರ್ಖಾನೆಯ ಫೀಲ್ಡಿನವರು ಒಬ್ಬರು, ಮಂಡಿಯವರು ಒಬ್ಬರು ನನ್ನ ಜೊತೆ ಬರುತ್ತಾರೆ, ದುಡ್ಡಿನ ಮಾತು ಆಮೇಲೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು ಕೇಳಿತು.

"ಒಳ್ಳೇ ಐಡಿಯಾ ಸಾರ್. ಆದ್ರೆ ಟೈಮ್‌ಟೇಬಲ್‌ನಲ್ಲಿ ಶನಿವಾರ ಇಲ್ವಲ್ಲ."